ಇಪ್ಪತ್ತನಾಲ್ಕನೇ ಮೀಟರು

ಕಾಶಿ ಅಂದರೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ಬಿಸಿಲು, ಬೆವರು, ಗಂಗಾಸ್ನಾನ. ಬೇಸಿಗೆ ರಜೆಯಲ್ಲಿ ಯಾತ್ರೆ ಮುಗಿಸಿ ಹೋದವರು ಹೇಳಿದ್ದು ಅಷ್ಟೇ. ಇಲ್ಲಿನ ಜನವರಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಬೆಳಗಿನ ಹೊತ್ತು 5 ಡಿಗ್ರಿಗೆ ಇಳಿಯುವುದುಂಟು. ಮಂಜು ಕವಿದು ಮಧ್ಯಾಹ್ನದವರೆಗೆ ಸೂರ್ಯನ ಮುಖವೇ ಕಾಣದ ದಿನಗಳೂ ಉಂಟು. ನಮ್ಮ ತೀರ್ಥಹಳ್ಳಿಯ ಚಳಿ ಒಂದು ಕಂಬಳಿಗೆ ಹೆದರುತ್ತದೆ. ಇಲ್ಲಿಯದು ಹಾಗಲ್ಲ, ನೆಲದಿಂದ ಏಳುತ್ತದೆ. ಮನೆಗಳನ್ನೆಲ್ಲ ಬೇಸಿಗೆಗೆಂದೇ ಕಟ್ಟಿದ್ದಾರೆ: ದಪ್ಪ ಗೋಡೆ, ಬಿಸಿಲು ಬಾರದ ಅಂಗಳ, ಕಲ್ಲಿನ ನೆಲ. ಮೇ ತಿಂಗಳಲ್ಲಿ ಸುಖ ಕೊಡುವ ಅದೇ ಕಲ್ಲು ಜನವರಿಯಲ್ಲಿ ಮಂಜುಗಡ್ಡೆ.

ಇಲ್ಲಿಯ ಜನ ಬೋರಸಿ ಇಟ್ಟುಕೊಳ್ಳುತ್ತಾರೆ. ಬೋರಸಿ ಅಂದರೆ ಮಣ್ಣಿನ ಅಗ್ಗಿಷ್ಟಿಕೆ. ಬಾಗಿಲು ಹಾಕಿಕೊಂಡು ಅದರ ಪಕ್ಕ ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿಯನ್ನು ಚಳಿಗಾಲದಲ್ಲಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲವಲ್ಲ.

ಮಗಳು, ಅಳಿಯ ಇಬ್ಬರಿಗೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಸ. ನಾನು ರಿಟೈರ್ ಆದ ಮೇಲೆ ನಾವು ಗಂಡ ಹೆಂಡತಿ, 88 ವರ್ಷದ ನನ್ನ ಅಮ್ಮ, ಶಿವಾಲಾ ಹತ್ತಿರದ ಅವರ ಮನೆಗೇ ಬಂದೆವು. ಹನುಮಾನ್ ಘಾಟ್, ಕರ್ನಾಟಕ ಘಾಟ್ ಹೆಜ್ಜೆ ಅಳತೆಯಲ್ಲಿವೆ. ಆ ಗಲ್ಲಿಗಳಲ್ಲಿ ದಕ್ಷಿಣದವರ ಹಳೆಯ ಮನೆಗಳಿದ್ದು, ಆಗಾಗ ಒಂದು ಕನ್ನಡ ಮಾತೂ ಕಿವಿಗೆ ಬೀಳುತ್ತದೆ. ಅಮ್ಮನಿಗೆ ಅಷ್ಟು ಸಾಕು. ಆದರೆ ಜಪಕ್ಕೆ ಮಾತ್ರ ಅವರು ನೆಲದ ಮೇಲೆಯೇ ಕೂರಬೇಕು. ಕುರ್ಚಿ ತಂದುಕೊಟ್ಟರೆ, "ಕಾಶಿಗೆ ಬಂದು ಕುರ್ಚಿ ಮೇಲೆ ಕೂತು ಜಪ ಮಾಡೂದಾ? ಅದಕ್ಕೆ ಊರಲ್ಲೇ ಇದ್ರೆ ಆಗ್ತಿರ್ಲಿಲ್ವಾ?" ಅಂದುಬಿಟ್ಟರು.

ಮೊದಲ ಚಳಿಗಾಲದಲ್ಲೇ ಅವರ ಸೊಂಟ ಹಿಡಿಯಿತು. ನೆಲದ ಥಂಡಿ ತಾಗಕೂಡದು, ಆಗದಿದ್ದರೆ ಊರಿಗೆ ಕಳಿಸಿ ಎಂದರು ಡಾಕ್ಟರು. ಅಳಿಯ ವಿದೇಶದಲ್ಲಿ ಓದುವಾಗ ನೋಡಿದ್ದನ್ನು ನೆನಪಿಟ್ಟುಕೊಂಡು ದೇವರ ಕೋಣೆಯ ನೆಲದಡಿಗೆ ಬಿಸಿ ಮಾಡುವ ಕೇಬಲ್ ಹಾಕಿಸಿದ. ಕೋಣೆ 2 ಮೀಟರಿಗೆ 3 ಮೀಟರು. ಅದರಲ್ಲಿ 75 ಮೀಟರಿನ ಒಂದೇ ಕೇಬಲನ್ನು 8 ಸೆಂಟಿಮೀಟರ್ ಅಂತರದಲ್ಲಿ, ಗದ್ದೆಯಲ್ಲಿ ನೇಗಿಲು ಹೋಗಿ ಬರುವ ಹಾಗೆ, ಅತ್ತಿಂದಿತ್ತ ಹಾಸಿ, ಎರಡೂ ತುದಿಗಳನ್ನು ಗೋಡೆಯ ಡಬ್ಬಿಗೆ ತಂದಿದ್ದರು. ಮೇಲೆ ಚುನಾರ್ ಕಲ್ಲಿನ ಹಾಸು. (ಸಾರನಾಥದ ಅಶೋಕನ ಸಿಂಹಗಳೂ ಚುನಾರ್ ಕಲ್ಲಿನವೇ!) ಒಟ್ಟು 900 ವ್ಯಾಟು, ಅಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟು. ಎರಡು ಚಳಿಗಾಲ ಅಮ್ಮ ಮಣೆಯೂ ಬೇಡವೆಂದು ಕೂತರು. ಬೆಕ್ಕು ಬೇರೆ ಪಕ್ಕದಲ್ಲಿ.

ಮೂರನೆಯ ವರ್ಷ ಡಿಸೆಂಬರಿನಲ್ಲಿ ಸ್ವಿಚ್ ಹಾಕಿದರೆ ಟಪ್ ಅಂತ ಟ್ರಿಪ್. ಮತ್ತೆ ಹಾಕಿದರೆ ಮತ್ತೆ ಟ್ರಿಪ್.

ಮೊದಲು ಬಂದ ಎಲೆಕ್ಟ್ರಿಷಿಯನ್, ಟ್ರಿಪ್ ಆಗುವ ಡಬ್ಬಿಯನ್ನೇ ತೆಗೆದು ನೇರ ಲೈನ್ ಕೊಡೋಣ ಎಂದ. ಆ ಡಬ್ಬಿ ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸು ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಲೈನ್ ಕಡಿದು ಜೀವ ಉಳಿಸುವ ಸಾಧನ. ಅಭಿಷೇಕದ ನೀರು ಚೆಲ್ಲುವ ನೆಲ, ಅದರ ಮೇಲೆ ಒದ್ದೆ ಸೀರೆಯ ಮುದುಕಿ. ಅವನಿಗೆ ಚಹಾ ಕೊಟ್ಟು ಕಳಿಸಿದೆವು. ಎರಡನೆಯವನು ನೆಲ ಪೂರ್ತಿ ಒಡೆದು ಹೊಸ ಕೇಬಲ್ ಹಾಕಬೇಕು, ಹದಿನೈದು ದಿನ ಎಂದ. ಹದಿನೈದು ದಿನದ ಧೂಳಿನಲ್ಲಿ ಅಮ್ಮನನ್ನು ಎಲ್ಲಿಡುವುದು? ತಮ್ಮನಿಗೆ ಫೋನ್ ಮಾಡಿ ಟಿಕೆಟ್ ವಿಚಾರವನ್ನೂ ಮಾತಾಡಿದ್ದಾಯಿತು. ಅಮ್ಮ ಏನೂ ಅನ್ನಲಿಲ್ಲ. ಟ್ರಂಕಿನಿಂದ ಸೀರೆಗಳನ್ನು ತೆಗೆದು ಮಡಿಸಿ ಮಡಿಸಿ ಮತ್ತೆ ಅದರಲ್ಲೇ ಇಡುತ್ತಿದ್ದರು.

ಮೂರನೆಯವನನ್ನು ಕಳಿಸಿದ್ದು ಹಾಲಿನವನು. ಅವನು ಗಲ್ಲಿಯ ಕೇಬಲಿನವನು. ಹಳೆ ಕಾಶಿಯಲ್ಲಿ ತಲೆಯ ಮೇಲೆ ಜೇಡರ ಬಲೆಯಂತಿದ್ದ ಕರೆಂಟಿನ ತಂತಿಗಳನ್ನು ನೀವು ಹಳೆಯ ಫೋಟೋಗಳಲ್ಲಿ ನೋಡಿರಬಹುದು. 2015ರಲ್ಲಿ ಶುರುವಾದ ಯೋಜನೆಯಲ್ಲಿ, 2017ರ ಕೊನೆಯ ಹೊತ್ತಿಗೆ, ಸುಮಾರು 16 ಚದರ ಕಿಲೋಮೀಟರಿನಲ್ಲಿ ಅವೆಲ್ಲ ನೆಲದಡಿಗೆ ಹೋದವು. ಆಕಾಶ ಕಂಡಿತು, ಸರಿ. ಆದರೆ ಕಾಣುವ ತಂತಿ ಕಡಿದರೆ ಯಾರಿಗಾದರೂ ಕಂಡೀತು. ನೆಲದೊಳಗಿನದನ್ನು ಹುಡುಕುವುದು ಬೇರೆಯೇ ವಿದ್ಯೆ. ಇವನು ಯಾರೋ ಕಂಟ್ರಾಕ್ಟರನ ಹತ್ತಿರ ಅದನ್ನು ಕಲಿತವನು. ಕೇಬಲಿಗೆ ಹೈವೋಲ್ಟೇಜಿನ ಹೊಡೆತ ಕೊಟ್ಟರೆ ಕೆಟ್ಟ ಜಾಗದಲ್ಲಿ ಕಿಡಿ ಹಾರಿ ನೆಲದೊಳಗೆ ಧಬ್ ಎನ್ನುತ್ತದಂತೆ. ರಾತ್ರಿ ಎರಡು ಗಂಟೆಗೆ, ಗಲ್ಲಿ ಸದ್ದಡಗಿದ ಮೇಲೆ, ನೆಲದ ಮೇಲೆ ಮೈಕ್ ಇಟ್ಟು ಕೇಳುತ್ತಾ ಹೋಗುವುದು. ಇಲ್ಲಿ ಅದು ಬೇಡ, ಈ ಕೇಬಲ್ ಸುಕುಮಾರಿ, ಆ ಹೊಡೆತ ತಡೆಯದು ಎಂದ.

ಅವನು ಸುತ್ತಿಗೆ ತಂದಿರಲಿಲ್ಲ. ಅದನ್ನು ನೋಡಿಯೇ ನನಗೆ ಅರ್ಧ ನಂಬಿಕೆ ಬಂತು. ಮೇನ್ ಆಫ್ ಮಾಡಿ, ಎರಡೂ ತುದಿ ಬಿಚ್ಚಿ, ಮೊದಲು ತುದಿಯಿಂದ ತುದಿಗೆ ಅಳೆದ: 59 ಓಮ್. 900 ವ್ಯಾಟಿನ ಕೇಬಲಿಗೆ ಇರಬೇಕಾದ್ದೂ ಅಷ್ಟೇ. ಅಂದರೆ ಒಳಗಿನ ತಂತಿ ತುಂಡಾಗಿಲ್ಲ. ಆಮೇಲೆ ಮೆಗ್ಗರ್ ಹಾಕಿ ತಂತಿಗೂ, ಅದರ ಹೊರಗಿನ ಅರ್ಥಿನ ಜಾಲರಿಗೂ ನಡುವಿನ ಇನ್ಸುಲೇಷನ್ ನೋಡಿದ. ನೂರಾರು ಮೆಗಾಓಮ್ ಇರಬೇಕಾದ ಕಡೆ ಮುಳ್ಳು ಸೊನ್ನೆಗೇ ಮಲಗಿತು. ಮಾಮೂಲಿ ಮೀಟರು ಹಿಡಿದರೆ ಬರೀ 4 ಸಾವಿರ ಓಮ್. ಎಲ್ಲೋ ಒಂದು ಕಡೆ ಹೊದಿಕೆ ತೂತಾಗಿ ಒಳಗಿನದು ಹೊರಗಿನದಕ್ಕೆ ಸೋರುತ್ತಿದೆ. 75 ಮೀಟರಿನಲ್ಲಿ ಎಲ್ಲಿ?

ಒಂದು 12 ವೋಲ್ಟಿನ ಬ್ಯಾಟರಿ ತೆಗೆದು ಎರಡು ತುದಿಗೆ ಕಟ್ಟಿದ. "ಘಾಟಿನ ಮೆಟ್ಟಿಲು ಅಂದುಕೊಳ್ಳಿ ಬಾಬೂಜಿ" ಅಂದ ತನ್ನ ಬನಾರಸಿ ಹಿಂದಿಯಲ್ಲಿ. "ಮೇಲೆ 12, ನೀರಿನ ಹತ್ತಿರ ಸೊನ್ನೆ. ನಡುವೆ ಎಲ್ಲಾ ಮೆಟ್ಟಿಲೂ ಸಮ. ಜಾಲರಿ ಯಾವ ಮೆಟ್ಟಿಲನ್ನು ಮುಟ್ಟಿಕೊಂಡಿದೆಯೋ ಆ ವೋಲ್ಟನ್ನೇ ಹೇಳುತ್ತೆ." ಒಂದು ತುದಿಗೂ ಜಾಲರಿಗೂ ನಡುವೆ 3.84. ಇನ್ನೊಂದು ತುದಿಗೂ ಜಾಲರಿಗೂ 8.16. ನಾನು ಬಾಯಲ್ಲೇ ಕೂಡಿಸಿದೆ: ಸರಿಯಾಗಿ 12.

ಬ್ಯಾಂಕಿನಲ್ಲಿ ಕಂಪ್ಯೂಟರ್ ಬರುವ ಮೊದಲು ಲೆಡ್ಜರ್ ಬ್ಯಾಲೆನ್ಸಿಂಗ್ ಮಾಡಿದವರಿಗೆ ಈ ಸುಖ ಗೊತ್ತು. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬೇಕು, 63 ಹೋಗಿ 36 ಆಗಿರುತ್ತದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಸಿಕ್ಕರೆ ಅದು ಜಮಾ ಬದಲು ಖರ್ಚಿಗೆ ಬಿದ್ದಿರುತ್ತದೆ. ಪುಟವೆಲ್ಲ ತಿರುವುವ ಮೊದಲು ವ್ಯತ್ಯಾಸವನ್ನೇ ಮಾತಾಡಿಸಬೇಕು. ಇವನು ಮಾಡುತ್ತಿದ್ದದ್ದೂ ಅದೇ.

ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಬ್ಯಾಟರಿಯನ್ನು ತಿರುಗುಮುರುಗು ಮಾಡಿ ಇನ್ನೊಮ್ಮೆ ಅಳೆದ. ಒದ್ದೆಯಾದ ಲೋಹ ತಾನೇ ಚೂರು ವೋಲ್ಟೇಜ್ ಹುಟ್ಟಿಸಿ ಲೆಕ್ಕ ಕೆಡಿಸುತ್ತದಂತೆ. ಲೆಕ್ಕ ಕೆಟ್ಟಿರಲಿಲ್ಲ. 3.84ನ್ನು 12ರಿಂದ ಭಾಗಿಸಿದರೆ ನೂರಕ್ಕೆ 32. 75ರಲ್ಲಿ ಅದು 24. ಇಪ್ಪತ್ತನಾಲ್ಕನೇ ಮೀಟರು.

ಕಲ್ಲು ಹಾಸುವ ಮೊದಲು ಅಳಿಯ ಟೇಪು ಇಟ್ಟು ಫೋಟೋ ತೆಗೆದಿಟ್ಟಿದ್ದ. ಮಗಳು ಡಿಪಾರ್ಟ್‌ಮೆಂಟಿನವರ ಹತ್ತಿರ ಕೇಳಿ ಥರ್ಮಲ್ ಕ್ಯಾಮರಾ ತಂದಳು. ಭೂಮಿಗೆ ಸಂಬಂಧವಿಲ್ಲದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಒಂದು ಗಂಟೆ ಬಿಸಿ ಮಾಡಿದರೆ, ಕಲ್ಲಿನ ಮೇಲೆ ಕೇಬಲಿನ ದಾರಿ ಕಿತ್ತಳೆ ಗೆರೆಗಳಾಗಿ ಮೂಡಿತು. ಅಮ್ಮನಿಗೆ ತೋರಿಸಿದರೆ, "ಎಳೆ ರಂಗೋಲಿ ಚೆನ್ನಾಗಿ ಎಳೆದಿದಾರೆ" ಅಂದರು. ಫೋಟೋಕ್ಕೂ ಅದಕ್ಕೂ ತಾಳೆಯಾಯಿತು. ಒಂದು ಸಾಲು 3 ಮೀಟರು. ಹಾಗಾದರೆ ಎಂಟನೇ ಸಾಲು ಮುಗಿದು ತಿರುಗುವ ಜಾಗ, ಗೋಡೆಯ ಬುಡ. ಅಲ್ಲಿ ಏನಿತ್ತು? ದೇವರ ಮಂಟಪದ ಕಾಲು. ಹಿಂದಿನ ಬೇಸಿಗೆಯಲ್ಲಿ ಮಂಟಪ ಅಲ್ಲಾಡದಿರಲಿ ಎಂದು ಬಡಗಿಯೊಬ್ಬ ಡ್ರಿಲ್ ಹಾಕಿ ಸ್ಕ್ರೂ ಬಿಗಿದಿದ್ದ.

ಒಂದೇ ಒಂದು ಕಲ್ಲಿನ ಸಂದು ಕೊಯ್ದು ಎಬ್ಬಿಸಿದರು. ಕೇಬಲಿನ ಮೈಮೇಲೆ ಸಾಸಿವೆ ಕಾಳಿನಷ್ಟು ಗಾಯ, ಸುತ್ತ ತಾಮ್ರದ ಹಸಿರು ಕಿಲುಬು. ಡ್ರಿಲ್ ಸವರಿಕೊಂಡು ಹೋದದ್ದು ಒಮ್ಮೆಗೇ ಕೆಡಲಿಲ್ಲ, ಮಳೆಗಾಲವಿಡೀ ಅಭಿಷೇಕದ ನೀರು ಸ್ಕ್ರೂ ಗುಂಟ ಇಳಿದು ಕೆಡಿಸಿತ್ತು. ಅಷ್ಟು ಭಾಗ ಕತ್ತರಿಸಿ, ಜಾಯಿಂಟ್ ಒತ್ತಿ, ಕುಗ್ಗುವ ತೋಳು ತೊಡಿಸಿ ಬಿಸಿಗಾಳಿ ಬಿಟ್ಟ. ಮತ್ತೆ ಮೆಗ್ಗರ್: ಮುಳ್ಳು ಮೇಲಕ್ಕೆ ಹೋಗಿ ನಿಂತಿತು. ಕಲ್ಲು ಕೂರಿಸಿದ ಗಾರೆ ಒಣಗಲು ಒಂದು ವಾರ ಸ್ವಿಚ್ ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿದ.

ಆ ಒಂದು ವಾರ ಅಮ್ಮ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಜಪ ಮಾಡಿದರು, ಮುಖ ಗಂಟು ಹಾಕಿಕೊಂಡು. ತಮ್ಮನಿಗೆ ಟಿಕೆಟ್ ಬೇಡವೆಂದು ಅವರೇ ಫೋನ್ ಮಾಡಿದರು. ಮಂಟಪ ಈಗ ಎದುರಿನ ಗೋಡೆಗೆ ನೇತುಹಾಕಿದೆ, ನೆಲಕ್ಕೆ ಸ್ಕ್ರೂ ಇಲ್ಲ.

ಕೇಬಲಿನವನು ಹೊರಡುವ ಮೊದಲು ಗೋಡೆಯ ಡಬ್ಬಿಯ ಮುಚ್ಚಳ ತೆಗೆದು ಒಳಮೈಯಲ್ಲಿ ಕಪ್ಪು ಮಾರ್ಕರಿನಿಂದ ಬರೆದ: 75 ಮೀ., 59 ಓಮ್, ಜಾಯಿಂಟ್ 24 ಮೀ., ತಾರೀಖು. ಯಾಕೆ ಎಂದೆ. "ಮುಂದೆ ಬರುವವನಿಗೆ" ಎಂದು ಮುಚ್ಚಳ ಹಾಕಿ, ಅಮ್ಮ ಕೊಟ್ಟ ಬಿಸಿ ಕಷಾಯವನ್ನು ಗಟಗಟ ಕುಡಿದು, ಇನ್ನೊಂದು ಗಲ್ಲಿಯಿಂದ ಕರೆ ಬಂತೆಂದು ಮಂಜಿನಲ್ಲಿ ಸೈಕಲ್ ತಳ್ಳಿಕೊಂಡು ಹೋದ.