ಶೂ ಹಾಕ್ಕೊಂಡ ಆನೆ

ಕಾಂಬೋಡಿಯಾಕ್ಕೆ ಹೋದವರೆಲ್ಲ ಅಂಕೋರ್ ವಾಟ್ ನೋಡಿ ಬರ್ತಾರೆ. ನಾವೂ ನೋಡಿದ್ವಿ. ಕೊನೇ ದಿನ ಗೆಳೆಯರೆಲ್ಲ ರಾಜಧಾನಿ ಫ್ನೋಮ್ ಪೆನ್‌ನ ಮಾರ್ಕೆಟ್ ಸುತ್ತೋಕೆ ಹೊರಟರು. ನಾನೊಬ್ಬನೇ ಟುಕ್‌ಟುಕ್ ಹಿಡಿದು, ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಫ್ನೋಮ್ ತಮಾವ್ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಹೋದೆ. ಛೂಕ್‌ನನ್ನು ನೋಡಬೇಕಿತ್ತು.

ಖ್ಮೇರ್ ಭಾಷೆಯಲ್ಲಿ ಛೂಕ್ ಅಂದ್ರೆ ತಾವರೆ. 2007ರಲ್ಲಿ ಮೊಂಡುಲ್ಕಿರಿ (ನಮ್ಮ ‘ಮಂಡಲಗಿರಿ’ಯೇ!) ಪ್ರಾಂತ್ಯದ ಕಾಡಲ್ಲಿ ಸಿಕ್ಕಾಗ ಅವನಿನ್ನೂ ಮರಿ. ತಾಯಿ ಇಲ್ಲ, ಹಿಂಡಿಲ್ಲ. ಉರುಳಿಗೆ ಸಿಕ್ಕಿ ಮುಂಗಾಲಿನ ಪಾದವೇ ಹೋಗಿತ್ತು, ಗಾಯ ಕೀವಾಗಿತ್ತು. ಇಲ್ಲಿಗೆ ತಂದು ಚಿಕಿತ್ಸೆ ಮಾಡಿದರು. ಗಾಯ ಒಣಗಿದರೂ ಕಷ್ಟ ಮುಗಿಯಲಿಲ್ಲ. ಒಂದು ಕಾಲು ಗಿಡ್ಡವಾದ್ರೆ ಮೈಭಾರವೆಲ್ಲ ಉಳಿದ ಕಾಲುಗಳ ಮೇಲೆ, ಬೆನ್ನುಮೂಳೆ ಮೇಲೆ. ಬೆಳೆದಷ್ಟೂ ನೋವು. ಆ ದೇಶದಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡವರು ಸಾವಿರಾರು ಜನ. ಮನುಷ್ಯರಿಗೆ ಕೃತಕ ಕಾಲು ಮಾಡೋದನ್ನು ಕಲಿಸುವ ಅಲ್ಲಿನ ಶಾಲೆಯವರೇ 2009ರಲ್ಲಿ ಇವನಿಗೂ ಒಂದು ಕಾಲು ಮಾಡಿಕೊಟ್ಟರು.

ನಾನು ಹೋದಾಗ ಅವನು ಬೆಳೆದ ಗಂಡಾನೆ. ಮಾವುತರು ಕರೆದ ಕೂಡಲೇ ಬಂದು ಕಂಬಿಯ ಸಂದಿಯಲ್ಲಿ ಕಾಲು ಚಾಚಿದ. ಒಬ್ಬರು ಬಾಳೆಹಣ್ಣು ಕೊಡ್ತಾ ಇದ್ರೆ ಇನ್ನೊಬ್ಬರು ಶೂ ಬಿಚ್ಚಿ, ಮೊಂಡುಗಾಲು ತೊಳೆದು, ಹುಣ್ಣಾಗಿದೆಯಾ ಅಂತ ಬೆರಳಾಡಿಸಿ ನೋಡಿ, ಮತ್ತೆ ತೊಡಿಸಿದರು. ಕಾಲು ಬೆಳೆದಂತೆ ಎಷ್ಟೋ ಶೂ ಬದಲಾಗಿವೆ. ಟಕ್ ಟಕ್ ಅಂತ ನಡೆದುಹೋದ. ಕಾಡಿಗೆ ಮಾತ್ರ ಅವನು ಇನ್ನು ವಾಪಸ್ ಹೋಗುವಂತಿಲ್ಲ. ಶೂ ಬಿಚ್ಚಿ ತೊಳೆಯೋರು ಅಲ್ಲಿ ಯಾರಿದ್ದಾರೆ?

ಗೈಡ್ ಮೊಬೈಲಿನಲ್ಲಿ ಉರುಳಿನ ಫೋಟೋ ತೋರಿಸಿದ. ಬೈಕಿನ ಬ್ರೇಕ್ ಕೇಬಲ್. ನೋಡಿದ ತಕ್ಷಣ ಗುರುತು ಸಿಕ್ತು. ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪ ಹಂದಿಗೆ ಅಂತ ಬೇಲಿ ಸಂದಿಯಲ್ಲಿ ಕಟ್ಟೋದು ಇದನ್ನೇ. ಚಿಕ್ಕವನಿದ್ದಾಗ ಕೇಬಲ್ ಹಿಡಿದು ಅವರ ಹಿಂದೆ ಹೋಗ್ತಿದ್ದವನೂ ನಾನೇ. ಉರುಳಿಗೆ ಹಂದಿ, ಚಿರತೆ ಅನ್ನೋ ಭೇದ ಇಲ್ಲ.

ರಾತ್ರಿ ಹೋಟೆಲಿನಿಂದ ಫೋನ್ ಮಾಡಿ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂದಿ ಬಂದ್ರೆ ಬೆಂಗ್ಳೂರಿಂದ ಬಂದು ನೀನು ಕಾಯ್ತೀಯೇನೋ?” ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ರಾತ್ರಿಗೆ ಅರ್ಧ ಗದ್ದೆ ಉತ್ತು ಹೋಗಿದ್ದನ್ನು ನಾನೂ ನೋಡಿದ್ದೇನೆ.

ದೀಪಾವಳಿಗೆ ಊರಿಗೆ ಹೋದಾಗ ಇಬ್ಬರೂ ಬೇಲಿ ಸುತ್ತಿದ್ವಿ. ಏಳು ಉರುಳು ಬಿಚ್ಚಿದ್ವಿ. ಸೋಲಾರ್ ಬೇಲಿ ಹಾಕಿಸಿದ್ದೇವೆ, ಅರ್ಧ ಖರ್ಚು ನನ್ನದು. ಎಂಟನೆಯದು ಎಲ್ಲಿ ಕಟ್ಟಿದ್ದು ಅಂತ ದೊಡ್ಡಪ್ಪನಿಗೆ ನೆನಪಿಲ್ಲ. ಇನ್ನೂ ಹುಡುಕ್ತಾ ಇದ್ದೀವಿ.