ಚೌಡದಾನಪುರದ ಮರಳ ದಂಡೆಯಲ್ಲಿ ಒಂದು ಭಾನುವಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಕ್ಕಳನ್ನು ರಜೆಯಲ್ಲಿ ಎಲ್ಲಿಗೆ ಹೋಗೋಣ ಎಂದು ಕೇಳಿ ನೋಡಿ. ಬಹುತೇಕ ಮಕ್ಕಳ ಉತ್ತರ ಒಂದೇ: 'ಸಮುದ್ರಕ್ಕ!' ಶಾಲೆಯ ಪ್ರವಾಸದಲ್ಲಿ ಮುರ್ಡೇಶ್ವರವನ್ನೋ ಗೋಕರ್ಣವನ್ನೋ ಕಂಡು ಬಂದ ಮಕ್ಕಳ ಕಿವಿಯಲ್ಲಿ ಅಲೆಯ ಸದ್ದು ವರ್ಷವಿಡೀ ಮೊಳಗುತ್ತಿರುತ್ತದೆ. ಆದರೆ ಕಡಲು ನೂರು ಕಿಲೊಮೀಟರಿಗೂ ದೂರ, ನಡುವೆ ಘಟ್ಟ ಬೇರೆ. ಬೇಸಿಗೆ ರಜೆ ಬರುವ ಹೊತ್ತಿಗೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಭರಾಟೆ ಇನ್ನೂ ಇಳಿದಿರುವುದಿಲ್ಲ. ಸೋಮವಾರ, ಗುರುವಾರದ ವಹಿವಾಟು ಮುಗಿಸಿ, ಲೆಕ್ಕ ಬರೆದು ಏಳುವ ದಲಾಲಿ ಅಂಗಡಿಯ ಗುಮಾಸ್ತರಿಗೆ ಸಿಗುವುದು ಒಂದು ಭಾನುವಾರ. ಒಂದು ದಿನದಲ್ಲಿ ಸಮುದ್ರ ನೋಡಿ ಬರುವುದೆಂದರೆ ಅರ್ಧ ದಿನ ವಾಂತಿ, ಅರ್ಧ ದಿನ ನಿದ್ದೆ.

ಅಂಥದೊಂದು ಕುಟುಂಬ ಈ ಬೇಸಿಗೆಯಲ್ಲಿ ಹೊಳೆಯ ದಾರಿ ಹಿಡಿಯಿತು. ತಂದೆ, ತಾಯಿ, ಏಳನೆಯ ಇಯತ್ತೆಯ ಮಗಳು, ನಾಲ್ಕನೆಯ ಇಯತ್ತೆಯ ಮಗ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ತಂದೆಯ ಸೋದರಮಾವನ ಮನೆ ಗುತ್ತಲದ ಕಡೆ ಇದ್ದುದರಿಂದ ಅವರು ಬಾಲ್ಯದಲ್ಲಿ ಈಜು ಕಲಿತದ್ದೇ ಇಲ್ಲಿ. 'ಸಮುದ್ರದಾಗಿನ ಮರಳಿಗಿಂತ ಚಲೋ ಮರಳ ತೋರಿಸ್ತೀನಿ ಬರ್‍ರಿ' ಎಂದು ಮಕ್ಕಳನ್ನು ಹೊರಡಿಸಿದ್ದರು.

ಚೌಡದಾನಪುರ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಂಡೆಯ ಪುಟ್ಟ ಊರು. ಹೊಳೆಯೇ ಇಲ್ಲಿ ಜಿಲ್ಲೆಯ ಗಡಿ. ಆಚೆ ದಂಡೆಯ ಹೂವಿನಹಡಗಲಿ ಸೀಮೆ ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು, 2021ರಿಂದ ವಿಜಯನಗರ ಜಿಲ್ಲೆ. ಈಚೆಯ ಹಾವೇರಿಯೂ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವೇ. ಗಡಿಗಳು ಹೀಗೆ ಬದಲಾಗುತ್ತ ಹೋದರೂ ಜನ ಮಾತ್ರ ಮೊದಲಿನಂತೆ ಭಾರತ ಹುಣ್ಣಿಮೆಗೆ ಆಚೆಯ ಮೈಲಾರಲಿಂಗನ ಜಾತ್ರೆಗೆ ಹೋಗಿ ಕಾರ್ಣಿಕ ಕೇಳಿಕೊಂಡು ಬರುತ್ತಾರೆ.

ಊರ ಅಂಚಿಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಮುಕ್ತೇಶ್ವರ ಗುಡಿ. ಕಲ್ಯಾಣ ಚಾಲುಕ್ಯ ಶೈಲಿಯ ಈ ಏಕಕೂಟ ದೇವಾಲಯ ಎಂಟು ನೂರು ವರ್ಷಕ್ಕೂ ಹಳೆಯದು. ಅಳತೆಯಲ್ಲಿ ದೊಡ್ಡದಲ್ಲ, ಆದರೆ ಶಿಖರದ ತುದಿಯವರೆಗೂ ಕೆತ್ತನೆಗೆ ಕೈ ಸೋತಿಲ್ಲ. ಗುತ್ತಲವನ್ನು ರಾಜಧಾನಿ ಮಾಡಿಕೊಂಡು ಈ ನಾಡನ್ನು ಆಳಿದ ಗುತ್ತರು ಚಾಲುಕ್ಯರ ಸಾಮಂತರು. ತಾವು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಅವರು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಪಾಠಪುಸ್ತಕದ ಗುಪ್ತರಿಗೂ ಪಕ್ಕದ ಸಂತೆಯೂರು ಗುತ್ತಲಕ್ಕೂ ಹೀಗೊಂದು ನಂಟು ಇದೆಯೆಂದಾಗ ಮಗಳ ಹುಬ್ಬು ಮೇಲೇರಿತು. ಗುಡಿಯ ಆವರಣದಲ್ಲಿ ಆಳೆತ್ತರದ ಶಾಸನದ ಕಲ್ಲುಗಳಿವೆ. ಬರೆದದ್ದು ಕನ್ನಡವೇ. ಅವಳು ಬೆರಳಿಟ್ಟು ಓದುತ್ತ ಹೋಗಿ 'ರ', 'ಗ', 'ನ' ಮೂರು ಅಕ್ಷರ ಹಿಡಿದಳು. ಕನ್ನಡ ವಿಷಯಕ್ಕೆ ನೂರಕ್ಕೆ ತೊಂಬತ್ತು ತೆಗೆಯುವ ಹುಡುಗಿಗೆ ಇದು ಸಣ್ಣ ಪೆಟ್ಟೇ ಸರಿ.

ಊರ ಹೆಸರಿನಲ್ಲಿರುವ ಚೌಡಯ್ಯ ಯಾರು? ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನೇ ಎನ್ನುವುದು ಇಲ್ಲಿಯ ಜನರ ನಂಬಿಕೆ. ವೃತ್ತಿಯಿಂದ ದೋಣಿ ನಡೆಸುವವನು. ಬೇರೆ ವಚನಕಾರರು ತಮ್ಮ ಇಷ್ಟದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಈತ ತನ್ನ ಹೆಸರನ್ನೇ ಅಂಕಿತವಾಗಿಟ್ಟವನು. ಮಾತೂ ಹಾಗೆಯೇ, ನೇರ ಮತ್ತು ಖಾರ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಚೌಡಯ್ಯನದು ಬೇರೆ ತಳಿ.

ಗುಡಿಯಿಂದ ಇಳಿದರೆ ಹೊಳೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮರಳು ಮೇಲೆದ್ದಿರುತ್ತದೆ, ನಡುಹೊಳೆಯಲ್ಲಿ ಬಂಡೆಗಳ ಜೊತೆ ಒಂದೆರಡು ಮರಳಿನ ನಡುಗಡ್ಡೆಗಳು. ಅಲೆ ಇಲ್ಲ, ಐಸ್‌ಕ್ರೀಮ್ ಗಾಡಿ ಇಲ್ಲ, ಒಂಟೆ ಸವಾರಿ ಇಲ್ಲ. ಬಟ್ಟೆ ಒಗೆಯುವ ಸದ್ದು, ಬೆಳ್ಳಕ್ಕಿ, ಬೋರಲು ಹಾಕಿದ ಒಂದು ಹರಿಗೋಲು. ಮಕ್ಕಳು ಐದು ನಿಮಿಷ ಸಪ್ಪಗಾದವು. ಆಮೇಲೆ ಮರಳಿನಲ್ಲಿ ಕೈಯಿಟ್ಟವು, ಅಲ್ಲಿಗೆ ಸಮುದ್ರ ಮರೆತುಹೋಯಿತು.

ಈ ಮರಳು ಇಲ್ಲಿಯದಲ್ಲ. ತುಂಗೆ, ಭದ್ರೆ ಎರಡೂ ಚಿಕ್ಕಮಗಳೂರಿನ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಕೂಡ್ಲಿಯಲ್ಲಿ ಒಂದಾಗುತ್ತವೆ. ದಾರಿಯುದ್ದಕ್ಕೂ ಬಂಡೆ ಸವೆಸಿ, ಕಲ್ಲು ಉರುಳಿಸಿ ತಂದ ಪುಡಿಯೇ ಮರಳು. ಹೊಳೆ ತಿರುಗುವಲ್ಲಿ ಹೊರಮಗ್ಗುಲಿನ ನೀರು ರಭಸದಿಂದ ದಂಡೆ ಕೊರೆದು ಆಳವಾಗುತ್ತದೆ. ಒಳಮಗ್ಗುಲಿನಲ್ಲಿ ಹರಿವು ನಿಧಾನವಾಗಿ ಹೊತ್ತ ಮರಳನ್ನು ಇಳಿಸುತ್ತದೆ. ಇಷ್ಟು ತಿಳಿದಿದ್ದರೆ ಯಾವ ದಂಡೆಯಲ್ಲಿ ಕಾಲಿಡಬೇಕು, ಯಾವುದರಲ್ಲಿ ಇಡಬಾರದು ಎಂದು ಅರ್ಧ ಗೊತ್ತಾದಂತೆ. ಉಳಿದರ್ಧ ಊರವರನ್ನೇ ಕೇಳಬೇಕು.

ತಂದೆ ಕೇಳಲಿಲ್ಲ. ಪ್ಯಾಂಟು ಮಡಚಿ, ಮಗನ ಕೈ ಹಿಡಿದು ನೀರಿಗೆ ಇಳಿದರು. 'ನಡಾ ಮಟ್ಟಾನೂ ಬರೂದಿಲ್ಲ, ನಾ ಇಲ್ಲೇ ಈಸು ಕಲತಾಂವ' ಎಂದು ದಂಡೆಯ ಮೇಲಿದ್ದ ತಾಯಿಗೆ ಧೈರ್ಯ ಹೇಳಿದರು. ಬಲೆ ಬಿಡಿಸುತ್ತ ಕುಳಿತಿದ್ದ ಮುದುಕ ಕೂಗಿದ: 'ಯಪ್ಪಾ, ನಿಂದರ್‍ರಿ ಅಲ್ಲೇ! ಹುಡುಗನ ಕರಕೊಂಡು ಹಿಂದಕ್ಕ ಬರ್‍ರಿ.'

ಎದ್ದು ಬಂದವನೇ ಹರಿಗೋಲಿನಲ್ಲಿದ್ದ ಬಿದಿರು ಗಳವನ್ನು ಅವರು ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಮುಂದೆ ಇಳಿಬಿಟ್ಟ. ಗಳ ಇಳಿಯುತ್ತ ಹೋಯಿತು. ತಂದೆಯ ಎತ್ತರಕ್ಕಿಂತ ಹೆಚ್ಚು ಇಳಿದ ಮೇಲೆ ತಳ ಸಿಕ್ಕಿತು. ಮೇಲೆ ನೀರು ಮಾತ್ರ ಕನ್ನಡಿಯಂತೆ ಶಾಂತ.

'ಉಸುಕು ತಗದ ತಗ್ಗರೀ. ನೀರಿನ ಮ್ಯಾಲಿಂದ ಕಾಣೂದಿಲ್ಲ. ನಿಮ್ಮ ಕಾಲದ ಹೊಳಿ ಈಗಿಲ್ಲ.'

ತಂದೆ ಏನೂ ಹೇಳಲಿಲ್ಲ. ಮಗನ ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಮನೆ, ರಸ್ತೆ, ಸೇತುವೆ ಎಲ್ಲಕ್ಕೂ ಹೊಳೆಯ ಮರಳೇ ಬೇಕು. ಹೊಳೆ ಒಂದು ಮಳೆಗಾಲದಲ್ಲಿ ತಂದು ಹಾಕುವುದಕ್ಕಿಂತ ಹೆಚ್ಚು ತೆಗೆದರೆ ಉಳಿಯುವುದು ತಗ್ಗು. ಈಜು ಬರುವವನಿಗೂ ಅದು ಅಪಾಯವೇ, ಏಕೆಂದರೆ ಅದರ ಅಂಚು ಕಾಲಡಿಯಲ್ಲೇ ಕುಸಿಯುತ್ತದೆ. ನಡುಗಡ್ಡೆಗೆ ಹೋಗಲು ಮಕ್ಕಳು ಹಟ ಹಿಡಿದಾಗ ಮುದುಕ ಅದಕ್ಕೂ ಒಪ್ಪಲಿಲ್ಲ. ಕುಡಿಯುವ ನೀರಿಗೆಂದೋ ಜಾತ್ರೆಗೆಂದೋ ಮೇಲೆ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವುದುಂಟು. ಇಲ್ಲಿ ಮಳೆಯ ಹನಿಯೂ ಇಲ್ಲದಿರುವಾಗ ಹೊಳೆ ಏರಬಹುದು. 'ಅಜ್ಜಾ, ಮೊಸಳಿ ಅದಾವೇನು?' ಎಂದು ಮಗ ಕೇಳಿದ. 'ಅದಾವು. ಅವು ಕಂಡರ ನಾವ್ ಸರೀತೀವಿ, ನಾವು ಕಂಡರ ಅವು ಸರೀತಾವು. ತಗ್ಗು ಸರಿಯೂದಿಲ್ಲ ತಮ್ಮಾ.'

ಆಮೇಲೆ ಮುದುಕನೇ ಜಾಗ ತೋರಿಸಿದ. ಬಂಡೆಯ ಮರೆಯಲ್ಲಿ, ಮೊಣಕಾಲು ಮಟ್ಟದ ನೀರು. ಸಂಜೆ ನಾಲ್ಕರವರೆಗೆ ಮಕ್ಕಳು ಅಲ್ಲಿಂದ ಏಳಲಿಲ್ಲ. ಮರಳಿನಲ್ಲಿ ಮುಕ್ತೇಶ್ವರ ಗುಡಿ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

ಮಕ್ಕಳೊಂದಿಗೆ ಹೋಗುವವರಿಗೆ ಚಳಿಗಾಲ ಮತ್ತು ಬೇಸಿಗೆ ಸೂಕ್ತ. ಮುಂಗಾರಿನಲ್ಲಿ ದಂಡೆಗೆ ಇಳಿಯುವ ಮಾತೇ ಇಲ್ಲ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ, ವರದೆ ಉಕ್ಕಿದ್ದನ್ನು ಜಿಲ್ಲೆ ಮರೆತಿಲ್ಲ. ಹಾವೇರಿಯಿಂದ ಗುತ್ತಲದ ಮೇಲೆ ಬರಬಹುದು, ರಾಣೆಬೆನ್ನೂರಿನಿಂದಲೂ ದಾರಿಯುಂಟು. ಊಟ ಕಟ್ಟಿಕೊಂಡು ಬರುವುದೇ ಲೇಸು.

ಹೊತ್ತಿದ್ದರೆ ಹೊಳೆಯ ಜೊತೆ ಕೆಳಗೆ ಸಾಗಿ ಗಳಗನಾಥವನ್ನೂ ನೋಡಬೇಕು. ಈ ಕುಟುಂಬವೂ ನೋಡಿತು. ವರದೆ ತುಂಗಭದ್ರೆಯನ್ನು ಸೇರುವ ಜಾಗವದು. ಬುಡ ಅಗಲವಾಗಿ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗಳಗೇಶ್ವರ ಗುಡಿಯ ವಿನ್ಯಾಸ ಬೇರೆಲ್ಲೂ ಸುಲಭವಾಗಿ ಕಾಣದು. ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆಯುವಾಗ ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು 'ಗಳಗನಾಥ'ರಾದರು. ಬೇಸಿಗೆಯಾದ್ದರಿಂದ ವರದೆ ಸೊರಗಿದ್ದಳು. ಸಾಗರದ ಬಳಿ, ಪಡುವಣ ಕಡಲಿಗೆ ಅಷ್ಟೊಂದು ಹತ್ತಿರದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು ಬರುವ ಹೊಳೆ ಅದು.

ಮಗ ಒಂದು ಮುತ್ತುಗದ ಎಲೆಯನ್ನು ನೀರಿಗೆ ಬಿಟ್ಟ. 'ಅಪ್ಪಾ, ಇದು ಸಮುದ್ರಕ್ಕ ಹೋಗತದೇನು?'

ಬೆಳಿಗ್ಗೆಯಾಗಿದ್ದರೆ ತಂದೆ ಹೂಂ ಎಂದುಬಿಡುತ್ತಿದ್ದರೇನೋ. ಈಗ ಸ್ವಲ್ಪ ಯೋಚಿಸಿದರು.

'ಮೊದಲ ಹೊಸಪೇಟಿ ಡ್ಯಾಮ್ ದಾಟಬೇಕಲ್ಲೋ. ಅದನ್ನ ದಾಟಿದರ ಕೃಷ್ಣಾ ಸಿಗತದ. ಅದರಾಗ ಕೂಡಿಕೊಂಡು ಹೋಗಬೇಕು, ಇನ್ನೂ ಭಾಳ ದೂರ.'