ಎರಡು ಮನೆಗೆ ಒಂದು ಸ್ವರ

ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಪಾಲಾಗುವುದು ತೋಟ, ಗದ್ದೆ, ಕಂಚಿನ ಪಾತ್ರೆಗಳು. ಪಾಲುಪಟ್ಟಿಯಲ್ಲಿ ಕಾಣಿಸದೆ ಉಳಿಯುವ ವಸ್ತುಗಳೂ ಕೆಲವು ಇರುತ್ತವೆ. ಬೆಲೆಯಿಲ್ಲವೆಂದು ಅವನ್ನು ಯಾರೂ ಬರೆಸುವುದಿಲ್ಲ. ಆಮೇಲೆ ಮನಸ್ಸು ಕಹಿಯಾಗುವುದು ಹೆಚ್ಚಾಗಿ ಅವುಗಳಿಂದಲೇ. ನಮ್ಮಲ್ಲಿ ಹಾಗೆ ಉಳಿದದ್ದು 63 ಕ್ಯಾಸೆಟ್ಟುಗಳು.

ಅಪ್ಪ ಹೆಸರು ಮಾಡಿದ ಅರ್ಥಧಾರಿಯಲ್ಲ. ಹಗಲು ತೋಟದ ಕೆಲಸ, ಮಳೆಗಾಲದ ರಾತ್ರಿ ತಾಳಮದ್ದಳೆ. ಶೇಣಿಯವರ ಅರ್ಥ ಎಲ್ಲಿದೆಯೆಂದು ಕೇಳಿದರೂ ಟಾರ್ಚು ಹಿಡಿದು ಗುಡ್ಡ ಇಳಿದು ಹೋಗುತ್ತಿದ್ದ, ಊರಿನ ಕೂಟಗಳಲ್ಲಿ ವಾಲಿಗೋ ಕರ್ಣನಿಗೋ ಜನ ಸಾಲದಾದಾಗ ಕುಳಿತುಕೊಳ್ಳುತ್ತಿದ್ದ ಹವ್ಯಾಸಿ. 1982ರಲ್ಲಿ ಸೋದರಮಾವ ಗಲ್ಫಿನಿಂದ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದರು. ಅಂದಿನಿಂದ ನಮ್ಮ ಚಾವಡಿಯಲ್ಲಿ ನಡೆದ ಕೂಟಗಳೆಲ್ಲ ಕ್ಯಾಸೆಟ್ಟಿಗೆ ಸೇರಿದವು. ಒಂದೊಂದು ಬದಿಗೆ 45 ನಿಮಿಷ. ಬದಿ ಮಗುಚುವ ಹೊತ್ತಿನಲ್ಲಿ ಎಷ್ಟು ಒಳ್ಳೆಯ ಮಾತುಗಳು ಜಾರಿಹೋದವೋ ದೇವರಿಗೇ ಗೊತ್ತು.

ಅಪ್ಪ 1998ರಲ್ಲಿ ತೀರಿಕೊಂಡರು. ಕೆಳಗಿನ ಹಳೆಮನೆ ಅಣ್ಣನಿಗಾಯಿತು. ನಾನು ತೋಟದ ಮೇಲಿನ ದರೆಯಲ್ಲಿ ಬೇರೆ ಮನೆ ಕಟ್ಟಿದೆ. ಕ್ಯಾಸೆಟ್ಟಿನ ಪೆಟ್ಟಿಗೆ ನನ್ನೊಂದಿಗೆ ಬಂತು. ಕೇಳಿ ತಂದದ್ದಲ್ಲ, ಕದ್ದು ತಂದದ್ದೂ ಅಲ್ಲ. ನನ್ನ ಪುಸ್ತಕಗಳ ಜೊತೆ ಜೀಪಿಗೆ ಹತ್ತಿತು, ಅಷ್ಟೆ. ಅಣ್ಣ ಅದರ ಬಗ್ಗೆ ಇಪ್ಪತ್ತೈದು ವರ್ಷ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಏನೆಂದು ಅಣ್ಣತಮ್ಮಂದಿರಿದ್ದವರಿಗೆ ಗೊತ್ತು.

ಅಮ್ಮನ ವಾಸ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. 2022ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಮಂಚವೇ ಅವರ ಊರಾಯಿತು. ಆಗ ಅವರಿಗೆ 84. ಕಣ್ಣಿಗೆ ಟಿವಿ ಹಿಡಿಸುವುದಿಲ್ಲ, ಕಿವಿ ಮಾತ್ರ ಚುರುಕು. ಒಂದು ದಿನ, "ಇವರ ವಾಲಿ ಇತ್ತಲ್ಲ, ಅದು ಹಾಳಾಯಿತಾ?" ಎಂದು ಕೇಳಿದರು. ಇಷ್ಟು ವರ್ಷ ಪೆಟ್ಟಿಗೆಯನ್ನು ಕಾದುಕೊಂಡಿದ್ದ ನನಗೆ ನಾಚಿಕೆಯಾಯಿತು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಕ್ಯಾಸೆಟ್ಟು ಹಾಡಿಸಿ ಎದುರು ಫೋನು ಹಿಡಿದು ಧ್ವನಿಸಂದೇಶ ಮಾಡಿ ಹಳೆಮನೆಗೆ ಕಳುಹಿಸಿದೆ. ಅತ್ತಿಗೆ ಅದನ್ನು ಅಮ್ಮನ ಕಿವಿಯ ಹತ್ತಿರ ಇಟ್ಟರಂತೆ. ಚೆಂಡೆ ತಗಡು ಬಡಿದಂತೆ, ಮಾತು ಮಡಕೆಯೊಳಗಿಂದ ಬಂದಂತೆ. "ಯಾರೋ ಇವರ ಅನುಕರಣೆ ಮಾಡುವುದು" ಎಂದು ಅಮ್ಮ ಮಗ್ಗುಲು ಬದಲಿಸಿದರಂತೆ. ಅಂದು ನಾನು ನಿಶ್ಚಯಿಸಿದೆ: ಕ್ಯಾಸೆಟ್ಟಿನಲ್ಲಿ ಇರುವಷ್ಟನ್ನೂ ಕಳೆಯದೆ ಗಣಕಕ್ಕೆ ತುಂಬಬೇಕು. ಎರಡು ಮನೆಯಲ್ಲಿಯೂ ಅಮ್ಮನ ಮಂಚದ ಬಳಿ ಅದು ಹಾಗೆಯೇ ಕೇಳಬೇಕು.

ನಾನು ಕನ್ನಡ ಮೇಷ್ಟ್ರು. ಈ ವಿದ್ಯೆ ಕಲಿತದ್ದು ನಿವೃತ್ತಿಯ ನಂತರ. ಕಲಿತದ್ದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಸ್ವರವನ್ನು ಅಂಕಿಯಾಗಿಸುವಾಗ ಒಂದು ಸೆಕೆಂಡಿನಲ್ಲಿ ಅದನ್ನು ಸಾವಿರಾರು ಸಲ ಅಳೆಯುತ್ತಾರೆ. ಸಿಡಿಯಲ್ಲಿ 44,100 ಸಲ, ಒಂದೊಂದು ಅಳತೆಗೆ 16 ಬಿಟ್. ನಾನು ಆರಿಸಿದ್ದು 48,000 ಸಲ, 24 ಬಿಟ್. ಎಡಬಲ ಸೇರಿ ಸೆಕೆಂಡಿಗೆ ಸುಮಾರು 23 ಲಕ್ಷ ಬಿಟ್. ಫ್ಲ್ಯಾಕ್ ಎಂಬ ಕ್ರಮದಲ್ಲಿ ಮಡಚಿಟ್ಟರೆ ಜಾಗ ಕಡಿಮೆ ಸಾಕು, ಬಿಚ್ಚಿದಾಗ ಒಂದು ಬಿಟ್ಟೂ ಕಳೆದಿರುವುದಿಲ್ಲ. ಎಂಪಿಥ್ರೀ ಹಾಗಲ್ಲ. ಕಿವಿಗೆ ಕೇಳಲಿಕ್ಕಿಲ್ಲವೆಂದು ತಾನೇ ತೀರ್ಮಾನಿಸಿ ಕೆಲವನ್ನು ಎಸೆಯುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಎಸೆಯುವುದಕ್ಕೆ ಇರುವುದಾದರೂ ಎಷ್ಟು?

ಮನೆಯೊಳಗಿನ ಈ ಸಾಗಾಟಕ್ಕೆ ಹೊರಗಿನ ಇಂಟರ್ನೆಟ್ಟು ಬೇಕಾಗಿಲ್ಲ ಎಂಬುದು ನನಗೆ ಹೊಸ ವಿಷಯ. ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಗಣಕದಲ್ಲಿ ಸ್ವರದ ಕಡತಗಳು, ಪ್ರತಿ ಮಂಚದ ಬಳಿ ಅಂಥದೇ ಇನ್ನೊಂದು, ಅಂಕಿಯನ್ನು ಮತ್ತೆ ಸ್ವರವಾಗಿಸುವ ಡ್ಯಾಕ್ ಎಂಬ ಸಣ್ಣ ಹಲಗೆ, ಒಂದು ಸ್ಪೀಕರು. ನಡುವೆ ದಾರಿಯೊಂದು ಇದ್ದರಾಯಿತು.

ಆ ದಾರಿಯೇ ತೊಡಕಾಯಿತು. ನಮ್ಮ ಮನೆ ಮುರಕಲ್ಲಿನದು. ಸೆಕೆಗೆ ತಂಪಾಗಿರುವ ಆ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ, ಮಳೆಗಾಲದಲ್ಲಿ ಒದ್ದೆಯಾದರೆ ಇನ್ನಷ್ಟು. ಚಾವಡಿಯಲ್ಲಿ ಸರಿಯಾಗಿದ್ದ ಪದ್ಯ ಒಳಕೋಣೆಯಲ್ಲಿ ತುಂಡು ತುಂಡು. ಪೇಟೆಯಿಂದ ಬಂದ ಕೇಬಲಿನ ಹುಡುಗ ಗೋಡೆಗೆ ಕೈಯಿಟ್ಟು, "ಮಾಷೇ, ಇದು ಕೋಟೆ. ತಂತಿ ಎಳೆಯದೆ ನಡೆಯದು" ಎಂದ. ಅವನ ಮನೆಮಾತು ಮಲಯಾಳ. ನನ್ನ ಮಲಯಾಳಕ್ಕೆ ಅವನು ನಗುತ್ತಾನೆ, ಅವನ ಕನ್ನಡವನ್ನು ನಾನು ತಿದ್ದುತ್ತೇನೆ. ಕೆಲಸ ಎರಡರ ನಡುವೆ ನಡೆಯಿತು.

ತಂತಿಯ ಮಟ್ಟಿಗೆ ನಮ್ಮ ಹೊರೆ ಏನೂ ಅಲ್ಲ. ನೂರು ಮೆಗಾಬಿಟ್ಟಿನ ಹಳೆಯ ಮಾದರಿ ತಂತಿಯಲ್ಲೂ ಲೆಕ್ಕಪ್ರಕಾರ ಇಂಥ ನಲವತ್ತು ಸ್ವರಗಳು ಒಟ್ಟಿಗೆ ಹೋಗಬಹುದು. ಸ್ವರಕ್ಕೆ ಬೇಕಾದದ್ದು ಅಗಲವಲ್ಲ, ಹೊತ್ತಿಗೆ ಸರಿಯಾಗಿ ಬರುವುದು. ಪುಸ್ತಕದ ಪುಟ ಅರೆಕ್ಷಣ ತಡವಾಗಿ ಬಂದರೆ ಓದುವವನು ಕಾಯುತ್ತಾನೆ, ಮದ್ದಳೆಯ ಪೆಟ್ಟು ತಡವಾದರೆ ತಾಳವೇ ತಪ್ಪಿತು.

ಹಳೆಮನೆಗೆ ನಮ್ಮಲ್ಲಿಂದ 130 ಮೀಟರು. ತಾಮ್ರದ ಕೇಬಲು ಒಂದೇ ಓಟಕ್ಕೆ 100 ಮೀಟರಿಗಿಂತ ಉದ್ದ ಸಲ್ಲದು. ನಡುವಿನ ಪಂಪಿನ ಕೊಟ್ಟಿಗೆಯಲ್ಲಿ ಒಂದು ಸ್ವಿಚ್ಚು ಇಟ್ಟು ಎರಡು ತುಂಡಾಗಿ ಎಳೆದೆವು. ಅಣ್ಣ ಜಗಲಿಯಲ್ಲಿ ನಿಂತು ನೋಡಿದರು. "ಎಂತದ್ದು ಇದು?" ಎಂದರು. "ಅಮ್ಮನಿಗೆ ಅಪ್ಪನ ಅರ್ಥ ಕೇಳುವುದಕ್ಕೆ" ಎಂದೆ. ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅತ್ತಿಗೆ ಇಬ್ಬರಿಗೂ ಚಹಾ ತಂದರು.

2023ರ ಅಕ್ಟೋಬರ್. ನಾವು ಹಿಂಗಾರು ಎನ್ನುವ, ಹುಡುಗ ತುಲಾವರ್ಷ ಎನ್ನುವ ಮಳೆಯ ಕಾಲ. ಸಂಜೆ ನಾಲ್ಕಕ್ಕೆ ಗುಡ್ಡದ ಮೇಲೆ ಸಿಡಿಲು. ಯಾವ ಮರಕ್ಕೂ ಬೀಳಲಿಲ್ಲ. ಆದರೂ ಪಂಪಿನ ಕೊಟ್ಟಿಗೆಯ ಸ್ವಿಚ್ಚು, ನಮ್ಮ ರೂಟರು, ಅಣ್ಣನ ಮನೆಯ ಪೈ ಮೂರೂ ಹೋದವು. ಉದ್ದದ ತಾಮ್ರದ ತಂತಿ ತೋಟದಲ್ಲಿ ಮಲಗಿದ್ದರೆ ಸಿಡಿಲು ಅದನ್ನು ಮುಟ್ಟಬೇಕೆಂದಿಲ್ಲ, ಹತ್ತಿರ ಹೊಡೆದರೆ ಸಾಕು, ಅದರಲ್ಲಿ ವಿದ್ಯುತ್ತು ನುಗ್ಗುತ್ತದೆ. ಇದನ್ನು ಮೊದಲೇ ತಿಳಿಯಬೇಕಿತ್ತು. ಟೆಲಿಫೋನು ಕಂಬದ ಕಾಲದಲ್ಲಿ ಮಿಂಚು ಬಂದರೆ ರಿಸೀವರು ಮುಟ್ಟಬೇಡವೆಂದು ಅಪ್ಪನೇ ಗದರಿಸುತ್ತಿದ್ದರಲ್ಲ.

ಎರಡನೆಯ ಸಲ ಹುಡುಗ ಗಾಜಿನ ಕೇಬಲು ತಂದ. ಅದರಲ್ಲಿ ಹೋಗುವುದು ಬೆಳಕು. ಗಾಜಿನಲ್ಲಿ ಸಿಡಿಲಿನ ವಿದ್ಯುತ್ತು ಹರಿಯದು. 130 ಮೀಟರು ಅದಕ್ಕೆ ದೂರವೇ ಅಲ್ಲ. ಕೇಬಲಿನ ಒತ್ತಿಗೆ ಬಲಕ್ಕಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಎರಡೂ ಕಡೆ ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿದ. ಇಲ್ಲವಾದರೆ ಸಿಡಿಲು ಆ ದಾರಿಯಾಗಿ ಬಂದೀತು. ಅಡಿಕೆಮರದಿಂದ ಮರಕ್ಕೆ ಕಟ್ಟಿದರೆ ಗಾಳಿಗೆ ಮರ ಬಾಗುವಾಗ ತುಂಡಾದೀತೆಂದು ಪೈಪಿನೊಳಗಿಟ್ಟು ಕಣಿಯ ಬದಿಯಲ್ಲಿ ಹೂತೆವು. ಈ ಸಲ ಗುಂಡಿ ತೆಗೆಯಲು ಅಣ್ಣನೇ ಆಳು ಕಳುಹಿಸಿದ್ದರು.

ಎಲ್ಲ ಜೋಡಿಸಿದ ಮೇಲೆ ಹುಡುಗ ಪರೀಕ್ಷೆಗೆಂದು ಒಂದು ಕಡತ ಹಾಕಿದ. ಭಾಗವತರು ಪದ್ಯ ಮುಗಿಸಿದರು, ಅಪ್ಪ ಮಾತಿಗೆ ತೊಡಗಿದರು. ಅವನು ಕಿವಿಗೊಟ್ಟು ಕೇಳಿದ: "ಮಾಷೇ, ಇದು ಪಾಟ್ಟಾಣೋ ಪ್ರಸಂಗಮಾಣೋ?" ಹಾಡೋ ಭಾಷಣವೋ ಎಂದು ಅವನ ಪ್ರಶ್ನೆ. ಮಲಯಾಳದಲ್ಲಿ ಪ್ರಸಂಗವೆಂದರೆ ಭಾಷಣ. ನಮ್ಮ ಯಕ್ಷಗಾನದಲ್ಲಿ ಪ್ರಸಂಗವೆಂದರೆ ಪದ್ಯಗಳಲ್ಲಿರುವ ಕಥೆ. ತಾಳಮದ್ದಳೆಯಲ್ಲಾದರೋ ಪದ್ಯವೂ ಇದೆ, ಅದರ ಬೆನ್ನಿಗೆ ಮಾತೂ ಇದೆ. "ಎರಡು ಭಾಷೆಯಲ್ಲಿಯೂ ಪ್ರಸಂಗವೇ" ಎಂದೆ. "ಶರಿಯಾಯಿ" ಎಂದು ನಕ್ಕ.

ಆ ಹೊತ್ತಿಗೆ ಅಮ್ಮ ನಮ್ಮಲ್ಲಿದ್ದರು. 1987ರ ಆಟಿ ತಿಂಗಳ ವಾಲಿವಧೆ ಹಾಕಿದೆ. ಸ್ವರ ಸ್ವಚ್ಛ, ಒಂದು ತುಂಡಿಲ್ಲ. ಅಮ್ಮ ಐದು ನಿಮಿಷ ಕೇಳಿದರು. "ಮಾತು ಇವರದ್ದೇ. ಸ್ವರ ಇವರದ್ದಲ್ಲ ಮಗಾ. ಇವರು ಇಷ್ಟು ಸಪುರದಲ್ಲಿ ಮಾತಾಡುವವರಲ್ಲ."

ನನಗೆ ಕೋಪವೇ ಬಂತು. ಇಷ್ಟು ದುಡ್ಡು, ಇಷ್ಟು ತಿಂಗಳು. ಮರುದಿನ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಆ ಕಡತ ತೆರೆದು ಹಿನ್ನೆಲೆಯ 'ಹುಂ' ಎಂಬ ಗುಂಯ್ಗುಟ್ಟುವಿಕೆಯನ್ನು ತೆಗೆಯಲು ಕುಳಿತೆ. ಕರೆಂಟಿಗೆ ಸಿಕ್ಕಿಸಿದ ಹಳೆಯ ರೆಕಾರ್ಡರುಗಳಲ್ಲಿ ಅದು ಸಾಮಾನ್ಯ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಆಂದೋಲಿಸುವುದರಿಂದ ಆ ಹುಂಕಾರವೂ 50ರಲ್ಲಿ ಇರಬೇಕು. ನನ್ನ ಪರದೆಯಲ್ಲಿ ಅದು 52ರಲ್ಲಿ ನಿಂತಿತ್ತು. ನೋಡುತ್ತ ನೋಡುತ್ತ ಅರ್ಥವಾಯಿತು. ಮಾವನ ರೆಕಾರ್ಡರಿನ ಬೆಲ್ಟು ಸಡಿಲಾಗಿ ಅಂದು ಟೇಪು ನಿಧಾನ ಓಡಿದೆ. ಇಂದು ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಎಲ್ಲವೂ ನೂರಕ್ಕೆ ನಾಲ್ಕರಷ್ಟು ಬೇಗ, ಅಷ್ಟೇ ಮೇಲಿನ ಶ್ರುತಿ. ಕಸವೆಂದು ತೆಗೆಯಹೊರಟಿದ್ದ ಗುಂಯ್ಗುಟ್ಟುವಿಕೆಯೇ ಅಳತೆಗೋಲಾಗಿ ಉಳಿದಿತ್ತು.

52ನ್ನು 50ಕ್ಕೆ ಇಳಿಸಿ ಮತ್ತೆ ಹಾಕಿದೆ. ಅಮ್ಮ, "ಹತ್ತಿರ ಬಂತು. ಆದರೆ ಅವಸರದಲ್ಲಿ ಇದ್ದ ಹಾಗೆ" ಎಂದರು.

ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ನೆರೆಯವರೊಬ್ಬರಲ್ಲಿ ಇದನ್ನು ಹೇಳಿದೆ. ಅವರು ನಕ್ಕು, "ಅಂದು 50 ಎಲ್ಲಿತ್ತು ಮಾಷೇ?" ಎಂದರು. ಆ ಕಾಲದಲ್ಲಿ ಉತ್ಪಾದನೆ ಸಾಲದೆ ದಕ್ಷಿಣದ ಜಾಲದ ಆಂದೋಲನ ಸಂಜೆಯ ಹೊತ್ತು 49ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತಿತ್ತು. 2003ರಲ್ಲಿ ಹೊಸ ದರದ ಕ್ರಮ ಬಂದ ಮೇಲೆಯೇ ಅದು ಹದಕ್ಕೆ ಬಂದದ್ದು. ಸರಿ, 49ಕ್ಕೆ ಇಳಿಸಿದೆ. ಈ ಸಲ ಅಮ್ಮ ಏನೂ ಹೇಳಲಿಲ್ಲ. ವಾಲಿ ರಾಮನನ್ನು ಪ್ರಶ್ನಿಸುವ ಭಾಗ ಪೂರ್ತಿ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರಸಿಕೊಂಡು, "ನಾಳೆ ಉಳಿದದ್ದು ಹಾಕು" ಎಂದರು. ನಲವತ್ತು ವರ್ಷ ಜೊತೆಗೆ ಬಾಳಿದವರ ಕಿವಿ ನೂರಕ್ಕೆ ಎರಡರ ವ್ಯತ್ಯಾಸವನ್ನು ಹಿಡಿಯಿತು.

ಗದ್ದಲ ತೆಗೆಯುವ ಆಸೆಯನ್ನು ಅಂದೇ ಬಿಟ್ಟೆ. ಮಾಡಿನ ಮೇಲಿನ ಮಳೆ, ಯಾರದೋ ಕೆಮ್ಮು, ಎಲೆಯಡಿಕೆ ತಟ್ಟೆಯ ಸದ್ದು ಎಲ್ಲ ಹಾಗೆಯೇ ಇರಲಿ. ಅಳತೆ ಯಾವುದರಲ್ಲಿ ಅಡಗಿದೆಯೆಂದು ಯಾರು ಬಲ್ಲರು?

ಇನ್ನೊಂದು ಮಾತು ಉಳಿದಿದೆ. ಎರಡು ಮನೆಯ ಗಣಕಗಳಿಗೂ ತಮ್ಮ ತಮ್ಮ ಗಡಿಯಾರ. ಎಷ್ಟು ಒಳ್ಳೆಯದಾದರೂ ಎರಡು ಗಡಿಯಾರ ಒಂದೇ ಸಮ ಓಡುವುದಿಲ್ಲ. ಒಂದು ಕೂಟ ಮುಗಿಯುವುದರೊಳಗೆ ಒಂದು ಮನೆಯ ಚೆಂಡೆ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಸ್ನ್ಯಾಪ್‌ಕಾಸ್ಟ್ ಎಂಬ ತಂತ್ರಾಂಶ ಆಗಾಗ ಇಬ್ಬರ ಹೊತ್ತನ್ನೂ ಕೇಳಿ, ಮುಂದೆ ಹೋದವರನ್ನು ತಡೆದು, ಹಿಂದೆ ಉಳಿದವರನ್ನು ದೂಡಿ ಸಮ ಮಾಡುತ್ತದೆ. ಭಾಗವತರ ಜಾಗಟೆ ಮಾಡುವ ಕೆಲಸವೇ ಅದು. ಅಮ್ಮ ಒಂದೇ ಮನೆಯಲ್ಲಿರುವಾಗ ಎರಡೂ ಕಡೆ ಸಮವಾಗಿ ಕೇಳಬೇಕಾದ ಅಗತ್ಯವೇನು ಎಂದು ಹುಡುಗ ಕೇಳಿದ್ದ. ಅಗತ್ಯ ಏನೂ ಇರಲಿಲ್ಲ. ಆದರೂ ಮಾಡಿಸಿದೆ.

ಕಳೆದ ಆಟಿಯಲ್ಲಿ ಒಂದು ರಾತ್ರಿ. ಅಮ್ಮ ನಮ್ಮಲ್ಲಿ. ಕರ್ಣಪರ್ವದ ಕ್ಯಾಸೆಟ್ಟಿನ ಎರಡನೆಯ ಬದಿ ಹಾಕಿದ್ದೆ. ಪದ್ಯ ಮುಗಿದು ಅಪ್ಪ ಗಂಟಲು ಸರಿಮಾಡಿಕೊಳ್ಳುವಾಗ ದೂರದಲ್ಲಿ ಒಂದು ಹೆಂಗಸಿನ ಸ್ವರ: "ಕಾಫಿ ಆಯಿತು, ತರುವುದಾ?" ಎಂದು. "ಇದು ಯಾರು ನಡುವಿನಲ್ಲಿ ಮಾತಾಡುವುದು?" ಎಂದು ಅಮ್ಮ ಕೇಳಿದರು. ಗಂಡನ ಸ್ವರದಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿದವರಿಗೆ ತನ್ನ ಸ್ವರದ ಗುರುತು ಸಿಗಲಿಲ್ಲ. ನಾನು ಹೇಳುವಷ್ಟರಲ್ಲಿ ಫೋನು ಬಡಿಯಿತು. ಹಳೆಮನೆಯಿಂದ ಅಣ್ಣ.

"ಏ, ಅದು ಅಮ್ಮನಲ್ಲವಾ?" ಎಂದರು.

"ಹೌದಣ್ಣ" ಎಂದೆ.

"ಸ್ವಲ್ಪ ಹಿಂದಕ್ಕೆ ತೆಗೆದು ಇನ್ನೊಮ್ಮೆ ಹಾಕು. ನಾನು ಟಾರ್ಚು ಹಿಡಿದು ಬರುತ್ತೇನೆ, ಅಮ್ಮನ ಹತ್ತಿರವೇ ಕುಳಿತು ಕೇಳುವ."